ಮಾವನ ಫ್ಯಾಕ್ಟರಿಗೆ ನನ್ನ ಕ್ಯಾಮೆರಾ

ನಾನು ಕ್ಯಾಮೆರಾ ಹೆಗಲಿಗೇರಿಸಿ ಹೊರಟರೆ ಬರೀ ಫೋಟೊ ತೆಗೆದು ವಾಪಸು ಬಂದ ಉದಾಹರಣೆಯೇ ಇಲ್ಲ. ಹೂವಿನ ಫೋಟೊಗೆ ಹೋದರೆ ಜೇನು ಅಟ್ಟಿಸಿಕೊಂಡು ಬರುತ್ತದೆ, ಕೆರೆಯ ಫೋಟೊಗೆ ಹೋದರೆ ಚಪ್ಪಲಿ ಕೆರೆಯ ಪಾಲಾಗುತ್ತದೆ. ಇನ್ನು ಪಾಳುಬಿದ್ದ ಫ್ಯಾಕ್ಟರಿಗೆ ಹೋದರೆ ಕೇಳಬೇಕೆ?

ಅದು ರಾಜಾಜಿನಗರದಲ್ಲಿ ನಮ್ಮ ಮಾವ ದುಡಿದ ಫ್ಯಾಕ್ಟರಿ. ಬೀಗ ಬಿದ್ದು ಎಷ್ಟೋ ವರ್ಷವಾಗಿತ್ತು. ಅದನ್ನು ಒಡೆದು ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ ಎಂದು ಗೊತ್ತಾದ ದಿನ ಮಾವ ಕಾಫಿ ಮುಟ್ಟಲಿಲ್ಲ. "ಜೀವಮಾನವೆಲ್ಲ ಆ ಲೇತ್ ಮೆಷಿನ್ ಮುಂದೆ ನಿಂತಿದ್ದೀನಿ ಕಣಮ್ಮ. ಅದರ ಜೊತೆ ಒಂದು ಫೋಟೊ ಇಲ್ಲ" ಅಂದರು. ಇರುವುದಾದರೂ ಹೇಗೆ? ಸಂಜೆ ಹೊರಡುವಾಗ ಗೇಟಿನಲ್ಲಿ ಎರಡೂ ಕೈ ಎತ್ತಿಸಿ, ಮೈ ತಡವಿ ನೋಡಿ ಬಿಡುತ್ತಿದ್ದ ಜಾಗ ಅದು. ಕ್ಯಾಮೆರಾ ಒಳಗೆ ಒಯ್ಯುವ ಮಾತೇ ಇರಲಿಲ್ಲ. ಅವರ ಮುಖ ನೋಡಿ ನನಗೆ ಸಂಕಟವಾಯಿತು. ಒಡೆಯುವುದರೊಳಗೆ ಆ ಒಂದು ಫೋಟೊ ತೆಗೆದೇ ತೆಗೆಯುತ್ತೇನೆಂದು ಹಠ ಹಿಡಿದೆ.

ಸ್ವಲ್ಪ ಒಳಗೆ

ಮೊದಲು ಹೊರಗಿನಿಂದ ನೋಡಿ ಬರೋಣವೆಂದು ಒಂದು ಭಾನುವಾರ ಒಬ್ಬಳೇ ಹೋದೆ. ಟ್ರೈಪಾಡ್ ನಿಲ್ಲಿಸಿ ಒಂದು ಕಣ್ಣು ಮುಚ್ಚಿದ್ದೇ ತಡ, ಪಕ್ಕದ ಮನೆಯ ಆಂಟಿ ಓಡಿಬಂದರು.

"ಮೇಡಂ, ರೋಡ್ ಅಗಲ ಮಾಡ್ತಾರಾ?"

"ಇಲ್ಲ ಆಂಟಿ, ಸುಮ್ನೆ ಫೋಟೊ ತೆಗೀತಿದೀನಿ."

"ಹಳೇ ಗೋಡೇನ ಯಾರಾದ್ರೂ ಸುಮ್ನೆ ಫೋಟೊ ತೆಗೀತಾರಾ? ಪರವಾಗಿಲ್ಲ, ಹೇಳಿ."

ಅಷ್ಟರಲ್ಲಿ ಬೀದಿಯೆಲ್ಲ ಸೇರಿತ್ತು. ಒಬ್ಬರು ಮೆಟ್ರೊ ಅಂದರು, ಇನ್ನೊಬ್ಬರು ಫ್ಲೈಓವರ್ ಅಂದರು, ಮತ್ತೊಬ್ಬರು ಎರಡೂ ಅಂದರು. ನಾನು ಇಲ್ಲ ಇಲ್ಲ ಎಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು. ಆಂಟಿ ಮಾತ್ರ ಒಳಗೆ ಹೋಗಿ ಬಿಸಿಬಿಸಿ ಕಾಫಿ ತಂದುಕೊಟ್ಟರು. ನಾನು ಕುಡಿದು ಮುಗಿಸುವವರೆಗೂ ಕಾದಿದ್ದು, ಕಿವಿಯ ಹತ್ತಿರ ಬಂದು ಹೇಳಿದರು: "ಫೋಟೊದಲ್ಲಿ ನಮ್ಮನೆ ಬಂದ್ರೆ, ರೋಡಿಂದ ಸ್ವಲ್ಪ ಒಳಗಿರೋ ಥರ ತೆಗೀರಮ್ಮ."

ಎಲ್ಲಾ ಸ್ವಚ್ಛ

ಫ್ಯಾಕ್ಟರಿಯ ವಾಚ್‌ಮನ್ ಬಾಗಲಕೋಟೆ ಕಡೆಯವರು, ಬಂದು ಕೆಲವೇ ತಿಂಗಳಾಗಿತ್ತಂತೆ. ಅವತ್ತು ಕಿಟಕಿಯಿಂದ ಒಳಗೆ ಇಣುಕಲು ಬಿಟ್ಟರು. ಆಹಾ! ಮುರಿದ ಶೀಟಿನ ಸಂದಿಯಿಂದ ಇಳಿದ ಬಿಸಿಲುಕೋಲು, ಬೆರಳು ಮುಳುಗುವಷ್ಟು ಧೂಳು, ಲೇತಿನಿಂದ ಕಂಬಕ್ಕೆ, ಕಂಬದಿಂದ ಚಾವಣಿಗೆ ಜೇಡರ ಬಲೆ. ಅಂಥ ಫೋಟೊ ಸಿಗಲು ಪುಣ್ಯ ಮಾಡಿರಬೇಕು. ವಾಚ್‌ಮನ್ ಫೋನಿನಲ್ಲೇ ಓನರ್ ಒಪ್ಪಿಗೆ ಕೊಡಿಸಿದರು. ಖುಷಿಯಿಂದ ವಾರವಿಡೀ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಮಾವನನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಬಾಗಿಲು ತೆರೆಯಿತು. ಧೂಳಿಲ್ಲ. ಬಲೆ ಇಲ್ಲ. ನೆಲ ಗುಡಿಸಿ, ನೀರು ಹಾಕಿ ತೊಳೆದು, ಬಾಗಿಲಿಗೆ ರಂಗೋಲಿ. ಲೇತಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ.

"ಫೋಟೋ ತಗೀತೀನಿ ಅಂದಿದ್ರಲ್ರೀ ಅಕ್ಕಾರ," ವಾಚ್‌ಮನ್ ಬೆವರು ಒರೆಸಿಕೊಳ್ಳುತ್ತ ನಕ್ಕರು. "ಹೊಲಸ ಇದ್ರ ಚಲೋ ಬರ್ತದೇನ್ರೀ? ಎಲ್ಲಾ ಸ್ವಚ್ಛ ಮಾಡೀನಿ."

ನನಗೆ ಅಳು ಬಂತು. ಅವರ ಖುಷಿ ನೋಡಿ ನಗುವೂ ಬಂತು. ಪೆಚ್ಚಾಗಿ ನಿಂತ ನನ್ನನ್ನು ಅತ್ತೆ ಸಮಾಧಾನ ಮಾಡಿದರು: "ಜೇಡರ ಬಲೆ ಬೇಕಿದ್ರೆ ನಮ್ಮ ಅಟ್ಟದ ಮೇಲೇ ಬೇಕಾದಷ್ಟಿತ್ತಲ್ಲೇ. ನೀನು ಯಾವತ್ತು ಬಲೆ ಹೊಡೆದಿದ್ದೀಯ?"

ಸೈರನ್

ಮಾವ ಹಳೇ ಖಾಕಿ ಯೂನಿಫಾರಂ ಹಾಕಿಕೊಂಡು ಬಂದಿದ್ದರು. ಅದೀಗ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲವಾದ್ದರಿಂದ ಅತ್ತೆ ಬೆನ್ನಿನ ಹೊಲಿಗೆ ಬಿಚ್ಚಿ ಸೇಫ್ಟಿ ಪಿನ್ ಹಾಕಿದ್ದರು. "ಮುಂದಿನಿಂದ ಮಾತ್ರ ತೆಗಿಯಮ್ಮ" ಎಂದು ಮಾವನ ಅಪ್ಪಣೆಯಾಗಿತ್ತು.

ಮಾವ ಲೇತಿನ ಹಿಡಿ ಹಿಡಿದು ನಿಂತರು. ಕಣ್ಣು ತುಂಬಿತ್ತು. ನಾನು ಫೋಕಸ್ ಮಾಡತೊಡಗಿದೆ. ಆಗಲೇ ಅತ್ತೆಗೆ ಬಾಗಿಲ ಪಕ್ಕ ಹಳೇ ಸೈರನ್ ಕಂಡಿತು. ಕೈಯಲ್ಲಿ ತಿರುಗಿಸುವಂಥದ್ದು. "ಇದೇ ಏನು? ಸಂಜೆ ಇದು ಕೂಗಿದಾಗ ತಾನೇ ನಾನು ಕಾಫಿಗೆ ನೀರಿಡ್ತಿದ್ದಿದ್ದು?" ಎನ್ನುತ್ತ ಹಿಡಿಕೆ ತಿರುಗಿಸಿಯೇಬಿಟ್ಟರು.

ಊಂ... ಎಂದು ಸೈರನ್ ಇಡೀ ಶೆಡ್ ನಡುಗುವಂತೆ ಕೂಗಿತು. ನಾನು ಬೆಚ್ಚಿ ತಿರುಗಿ ನೋಡಿ, ಮತ್ತೆ ಕ್ಯಾಮೆರಾಗೆ ಕಣ್ಣಿಟ್ಟರೆ ಲೇತ್ ಇದೆ, ಹಾರ ಇದೆ, ಮಾವ ಇಲ್ಲ!

ಮಾವ ಆಗಲೇ ಅಂಗಳದಲ್ಲಿದ್ದರು. ಕೈ ಒರೆಸಿಕೊಳ್ಳುತ್ತ, ಶಿಫ್ಟ್ ಮುಗಿದವರ ಹಾಗೆ ದಾಪುಗಾಲು ಹಾಕುತ್ತಿದ್ದರು. "ನಾನು ಕರೆದ್ರೆ ಒಂದು ದಿನಾನಾದ್ರೂ ಹಿಂಗೆ ಎದ್ದಿದ್ದುಂಟಾ?" ಎಂದು ಅತ್ತೆ ಹಿಂದೆಯೇ ಓಡಿದರು. ನಾನೂ ಓಡಿದೆ.

ಗೇಟಿನಲ್ಲಿ ವಾಚ್‌ಮನ್ ನಿಂತಿದ್ದರು. ಖಾಕಿ ಟೋಪಿ ಕಂಡದ್ದೇ ಮಾವ ಗಕ್ಕನೆ ನಿಂತು ಎರಡೂ ಕೈ ಮೇಲೆತ್ತಿದರು, ತಡವಿ ನೋಡಪ್ಪ ಎನ್ನುವಂತೆ. ಆ ಪದ್ಧತಿ ಗೊತ್ತಿಲ್ಲದ ವಾಚ್‌ಮನ್ ಗಾಬರಿಯಾಗಿ ತಾವೂ ಎರಡೂ ಕೈ ಎತ್ತಿಬಿಟ್ಟರು. ಇಬ್ಬರೂ ಹಾಗೇ ಎದುರುಬದುರು ನಿಂತು ಪಿಳಿಪಿಳಿ ನೋಡಿದರು. ಎಚ್ಚೆತ್ತ ಮಾವ ಎತ್ತಿದ ಕೈ ಇಳಿಸದೆಯೇ ಹೋ ಎಂದು ನಕ್ಕರು. ನಾನು ಕ್ಲಿಕ್ಕಿಸಿದೆ.

ಆಮೇಲೆ ಲೇತಿನ ಮುಂದೆಯೂ ಚೆನ್ನಾಗಿಯೇ ತೆಗೆದುಕೊಟ್ಟೆ. ಮಾವ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು. "ಲೇತ್‌ದು ನನ್ನ ರೂಮಲ್ಲಿರಲಿ. ಹಾಲ್‌ಗೆ ಇದನ್ನೇ ಹಾಕಮ್ಮ. ಮನೆಗೆ ಹೊರಡೋ ಖುಷಿ ಇದ್ರಲ್ಲೇ ಇರೋದು" ಅಂದರು.

ಫ್ಯಾಕ್ಟರಿ ಈಗಿಲ್ಲ. ಫೋಟೊ ನಮ್ಮ ಹಾಲಿನಲ್ಲಿದೆ. ಮೊನ್ನೆ ಕುರುಬರಹಳ್ಳಿಯಿಂದ ಬಂದ ನೆಂಟರೊಬ್ಬರು ಅದನ್ನು ನೋಡಿ ದನಿ ತಗ್ಗಿಸಿ ಕೇಳಿದರು: "ಏನ್ರೀ ಇದು, ಯಜಮಾನರು ಅರೆಸ್ಟ್ ಆಗಿದ್ರಾ?"

ಅತ್ತೆ ಅಡುಗೆಮನೆಯಿಂದಲೇ ಹೇಳಿದರು: "ಹೂಂ ಕಣ್ರೀ. ಈಗ ನನ್ನ ಕಸ್ಟಡೀಲಿದ್ದಾರೆ."