ಉಪ್ಪಿನ ಡಬ್ಬಿ ಮುಟ್ಟಬೇಡ

ಅಕ್ಕನ ಮನೆಯಲ್ಲಿ ಆ ವಾರವೆಲ್ಲ ಸಪ್ಪೆ ಊಟ. ಉಪ್ಪು ಮುಗಿದಿತ್ತು ಅಂದುಕೊಳ್ಳಬೇಡಿ. ಡಬ್ಬಿ ತುಂಬ ಉಪ್ಪಿತ್ತು, ಡಬ್ಬಿಯೂ ಕಣ್ಣೆದುರಿಗೇ ಊಟದ ಮೇಜಿನ ಮೇಲಿತ್ತು. ಆದರೆ ಅದು ಜೆರುಸಲೇಮ್ ಆಗಿತ್ತು. ಅದರ ಎಡಕ್ಕಿದ್ದ ನೀರಿನ ಚೊಂಬು ಸಮುದ್ರ, ಬಲಕ್ಕೆ ಉದ್ದಕ್ಕೆ ಮಲಗಿದ್ದ ಸೌಟು ನದಿ, ನಡುವೆ ಬಿದ್ದಿದ್ದ ಚಮಚಗಳು ಯಾರವು ಎನ್ನುವುದೇ ವ್ಯಾಜ್ಯ.

"ರೀ, ಒಂದು ಚಿಟಿಕೆ ಉಪ್ಪು ತಗೊಳ್ಳಲಾ?"

"ಮುಟ್ಟಬೇಡ! ಅದು ಗಡಿ!" ಅಂದರು ಯಜಮಾನರು.

"ಅಕ್ಕಾ, ಮುಟ್ಟು! ಅದು ಭಾವನ ಅಪ್ಪನ ಮನೆ ಗಂಟಲ್ಲ!" ಅಂದ ತಮ್ಮ.

ಅಕ್ಕ ಮುಟ್ಟಲಿಲ್ಲ. ಮುಟ್ಟಿದರೆ ಒಬ್ಬನ ಕಡೆ, ಬಿಟ್ಟರೆ ಇನ್ನೊಬ್ಬನ ಕಡೆ ಆಗುವ ಹಣೆಬರಹ. ಅದಕ್ಕೆ ಕೈಯನ್ನು ಹಾಗೇ ಗಾಳಿಯಲ್ಲಿ ಅರ್ಧಕ್ಕೆ ನಿಲ್ಲಿಸಿ, ಆ ಕೈಯಿಂದ ನೊಣ ಓಡಿಸಿದವಳಂತೆ ನಟಿಸಿ ಒಳಗೆ ಹೋದಳು.

ಇವರು ಯಾರು, ಎಲ್ಲಿಯ ದೊರೆಗಳು ಅಂತ ನೀವು ಕೇಳಬೇಕಾದ್ದೇ. ಯಜಮಾನರದು ಹಾಸಿಗೆ ಅಂಗಡಿ. ಹತ್ತಿ ತುಂಬಿ, ಹೊಲಿದು, ಕೈಯಲ್ಲಿ ತಟ್ಟಿ ತೋರಿಸಿ ಮಾರಿ ಇಡೀ ಊರನ್ನು ಮಲಗಿಸಿದವರು. ಈಗ ತಮಗೇ ನಿದ್ದೆಯಿಲ್ಲ. ತಮ್ಮನೋ, ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವ. ಮದುವೆ ಆಗಲಿಲ್ಲ, ಮಹಡಿ ಮೇಲಿನ ಕೋಣೆಯಲ್ಲಿ ವಾಸ, ಅಕ್ಕನ ಕೈಯಡುಗೆ. ನಿವೃತ್ತಿಯಾದರೂ ಕೊರಳಿನ ಸೀಟಿ ಇಳಿಸಿಲ್ಲ, ಹಾಗಾಗಿ ಊರಿಗೆ ಅವನು ಸೀಟಿ ಮಾಸ್ತರ. ಇನ್ನು "ಅಕ್ಕ" ಎಂದು ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಅವನೊಬ್ಬನಿಗೇ. ಅವನು ಕೂಗುವ ಜೋರಿಗೆ ಬೀದಿಯೆಲ್ಲ ಅದನ್ನೇ ಕಲಿತುಬಿಟ್ಟಿತ್ತು.

ಮೊದಲೂ ಭಾವ ಮೈದುನರು ಜಗಳವಾಡುತ್ತಿದ್ದರು, ಇಲ್ಲವೆಂದಲ್ಲ. ಫ್ಯಾನು ಎರಡರಲ್ಲಿ ತಿರುಗಬೇಕೋ ಮೂರರಲ್ಲೋ, ಬಾಗಿಲಿಗೆ ಬೀಗ ಒಂದು ಸುತ್ತೋ ಎರಡೋ. ಎಲ್ಲ ಮನೆಯಳತೆಯ ಜಗಳ. ಕಸದ ಜೊತೆ ಗುಡಿಸಿ ಹಾಕಬಹುದಾದಂಥವು. ಇಬ್ಬರ ಕೈಗೂ ಉಜ್ಜುವ ಫೋನು ಬಂದದ್ದೇ ಬಂದದ್ದು, ಫ್ಯಾನಿನ ಜಗಳ ಅವರಿಗೆ ಸಣ್ಣದೆನಿಸಿತು. ಯಜಮಾನರು ಇಸ್ರೇಲಿನ ಕಡೆ ಹೋದರು. ಅವರು ಹೋದರೆಂದು ಮಾಸ್ತರ ಪ್ಯಾಲೆಸ್ಟೀನಿನ ಕಡೆ ಹೋದ. ಅಥವಾ ಇವನು ಮೊದಲು ಹೋಗಿ, ಅವರು ಆಮೇಲೆ ಹೋದರೋ. ಯಾರು ಮೊದಲು ಎನ್ನುವುದರ ಬಗ್ಗೆಯೂ ಒಮ್ಮತವಿಲ್ಲ.

"ಮೊದಲು ಹೊಡೆದವರು ಯಾರು, ಅದನ್ನು ಹೇಳು!"

"ಮೊದಲು ಅಂದ್ರೆ ಯಾವಾಗಿನಿಂದ ಭಾವ? ಅದಕ್ಕೂ ಮೊದಲು?"

"ಅದಕ್ಕೂ ಮೊದಲಿನದ್ದಕ್ಕೂ ಮೊದಲು?"

ಹೀಗೆ ಒಬ್ಬರನ್ನೊಬ್ಬರು ಹಿಂದಕ್ಕೆ ತಳ್ಳುತ್ತ ತಳ್ಳುತ್ತ, ಅನ್ನ ಆರುವ ಹೊತ್ತಿಗೆ ಇಬ್ಬರೂ ಪ್ರಳಯದ ನೀರಿನಲ್ಲಿ ನಿಂತಿರುತ್ತಿದ್ದರು. ಅಲ್ಲಿಂದ ಅವರನ್ನು ಕೈ ಹಿಡಿದು ಮಜ್ಜಿಗೆಯವರೆಗೆ ಕರೆತರುವುದು ಅಕ್ಕನ ನಿತ್ಯದ ಕೆಲಸ.

ಸಾಲದ್ದಕ್ಕೆ ಫೋಟೋ ತೋರಿಸುವ ಚಟ. ಅದೂ ಅವಳು ತುತ್ತು ಎತ್ತುವ ಹೊತ್ತಿಗೇ ತೋರಿಸಬೇಕು. ಒಂದು ದಿನ ಯಜಮಾನರು ಫೋನು ಮೂಗಿಗೆ ಹಿಡಿದರು. ಕುಸಿದ ಗೋಡೆ, ಕಲ್ಲುರಾಶಿ, ಪಕ್ಕದಲ್ಲಿ ಒಂದು ಮಗು. ಒಂದೇ ಕಾಲಿಗೆ ಕೆಂಪು ಕಾಲುಚೀಲ. "ನೋಡು, ಆ ಪಾಪಿಗಳು ಏನು ಮಾಡಿದ್ದಾರೆ!" ಅಕ್ಕನ ತುತ್ತು ತಟ್ಟೆಗೆ ವಾಪಸ್ಸು ಇಳಿಯಿತು. ಮರುದಿನ ಮಾಸ್ತರ ತನ್ನ ಫೋನು ಹಿಡಿದ. "ನೋಡಕ್ಕಾ, ಭಾವನ ಕಡೆಯವರ ಪ್ರತಾಪ!" ಅದೇ ಗೋಡೆ, ಅದೇ ಕಲ್ಲುರಾಶಿ, ಅದೇ ಕೆಂಪು ಕಾಲುಚೀಲ.

ಅಕ್ಕ ಓದಿದ್ದು ಕಡಿಮೆ. ಆದರೆ ಒಗೆಯುವ ಬಟ್ಟೆಯಲ್ಲಿ ಯಾವ ಕಾಲುಚೀಲ ಯಾರದ್ದೆಂದು ಹೇಳಿ ಹೇಳಿ ಕಣ್ಣು ಪಳಗಿದ್ದವು.

"ಲೋ, ಈ ಕೂಸು ನಿನ್ನೆ ಭಾವನ ಫೋನಿನಲ್ಲಿತ್ತಲ್ಲೋ. ಅಲ್ಲಿ ಅದು ಆ ಕಡೆಯದಾಗಿತ್ತು."

ಅಷ್ಟೇ ಅಂದದ್ದು. ಮನೆಯ ಹೆಂಚು ಹಾರುವುದೊಂದು ಬಾಕಿ.

"ಕದ್ದಿದ್ದಾನೆ! ನನ್ನ ಫೋಟೋ ಕದ್ದು ಸುಳ್ಳು ಹೆಸರು ಕೊಟ್ಟಿದ್ದಾನೆ!"

"ಕದ್ದವರು ನೀವು ಭಾವ! ಹಾಸಿಗೆಗೆ ಹಳೇ ಹತ್ತಿ ತುಂಬಿದ ಹಾಗಲ್ಲ ಇದು!"

"ಏನಂದೆ? ಹಳೇ ಹತ್ತಿಯಾ? ನನ್ನ ಅಂಗಡಿಗೆ ಬಂದೆಯಾ?"

"ಅದಿರಲಿ," ಅಂದಳು ಅಕ್ಕ ನಡುವೆ ನುಗ್ಗಿ, "ಆ ಕೂಸು ಬದುಕಿದೆಯಾ?"

"ಅದು ಮುಖ್ಯ ಅಲ್ಲ!" ಅಂದರು ಇಬ್ಬರೂ, ಒಂದೇ ಉಸಿರಿಗೆ.

ಆ ಹೊತ್ತಿನವರೆಗೆ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಅಲ್ಲಿಗೆ ಮಾತುಕತೆ ಮುರಿದುಬಿತ್ತು. ಮಾಸ್ತರ ತಟ್ಟೆ ಬಿಟ್ಟು ಮಹಡಿ ಹತ್ತಿದ. ಇನ್ನು ಭಾವನ ಜೊತೆ ಮಾತಿಲ್ಲ, ಅವರ ಮೇಜು ಮುಟ್ಟುವುದಿಲ್ಲ ಅಂದ. (ಊಟ ಬಿಡುತ್ತೇನೆ ಅನ್ನಲಿಲ್ಲ, ಗಮನಿಸಿ.) ಹಾಗಾಗಿ ಅವನ ತಟ್ಟೆ ಮೇಲಕ್ಕೆ ಹೋಗಬೇಕು, ಎತ್ತಿಕೊಂಡು ಹೋಗಬೇಕಾದವಳು ಅಕ್ಕ. ಹಸಿವಾದರೆ ಮೇಲಿನಿಂದ ಒಂದು ಸೀಟಿ. ಇನ್ನೊಂದು ಸಲ ಅನ್ನ ಬೇಕಾದರೆ ಎರಡು. ಕೋಣ ಕೋಣ ಕಾದಾಡಿ ಗಿಡಕ್ಕೆ ಮೃತ್ಯು ಅಂತಾರಲ್ಲ, ಆ ಗಿಡ ಮೆಟ್ಟಿಲು ಹತ್ತಿ ಇಳಿಯುತ್ತಿತ್ತು.

ಇಂಥ ಹೊತ್ತಿನಲ್ಲೇ ಅಕ್ಕನ ಗುಂಡಿ ಫೋನಿಗೆ ಮಗಳ ಕರೆ ಬಂತು. ಚೊಚ್ಚಲ ಹೆರಿಗೆ, ಡಾಕ್ಟರು ಮುಂದಿನ ವಾರ ಅಂದಿದ್ದಾರೆ.

"ಅಮ್ಮಾ, ಬರ್ತೀಯಲ್ಲ?"

"ಬರದೆ ಇರ್ತೀನಾ ಕಂದ?"

"ನೀನೊಬ್ಬಳೇ ಬಾ ಅಮ್ಮ. ಅಪ್ಪ ಬೇಡ, ಮಾವ ಬೇಡ. ಆ ಯುದ್ಧಾನ ಅಲ್ಲೇ ಬಿಟ್ಟು ಬಾ. ನಂಗೆ ಭಯ ಆಗ್ತಿದೆ, ಮನೆ ಶಾಂತವಾಗಿರಬೇಕು."

ಮಗಳು ಅಳುವವಳಲ್ಲ. ಆವತ್ತು ದನಿ ಸ್ವಲ್ಪ ಒದ್ದೆಯಾಗಿತ್ತು. ಅಕ್ಕನಿಗೆ ಅಲ್ಲಿಂದಾಚೆ ಒಂದೇ ಗುರಿ: ರೈಲಿನ ಒಂದು ಟಿಕೆಟ್ಟು. ಒಂದೇ.

ಸ್ಟೇಷನ್ನಿನಲ್ಲಿ ಟಿಕೆಟ್ಟಿನ ಕಿಟಕಿ ಮುಚ್ಚಿ "ಇನ್ನು ಎಲ್ಲವೂ ಆ್ಯಪಿನಲ್ಲಿ" ಎಂದು ಬೋರ್ಡು ತಗುಲಿಸಿದ್ದರು. ಆ ಆ್ಯಪು ಇದ್ದದ್ದು ಯಜಮಾನರ ಫೋನಿನಲ್ಲಿ. ಮಾಸ್ತರನ ಫೋನು ಹಳೆಯದು, ಅದರಲ್ಲಿ ಆ್ಯಪು ಕೂರುತ್ತಿರಲಿಲ್ಲ. ಆದರೆ ಖಾತೆ ತೆರೆದ ಕಾಲಕ್ಕೆ ಭಾವ ಮೈದುನರು ಅಣ್ಣ ತಮ್ಮಂದಿರ ಹಾಗಿದ್ದರು ನೋಡಿ, ಕೊಟ್ಟದ್ದು ಮಾಸ್ತರನ ನಂಬರು. ಅಂದರೆ ಕೆಳಗೆ ಬೀಗ, ಮೇಲೆ ಬೀಗದ ಕೈ.

ಅದಕ್ಕೂ ಮೊದಲು ಇನ್ನೊಂದು ಗ್ರಹಚಾರ. ಯಜಮಾನರು ಆ್ಯಪು ಒತ್ತಿದರೆ ಅದು ಬಾಯಿ ತೆರೆಯಲಿಲ್ಲ. ಮೊದಲು ಹೊಸದಾಗಿ ಅಪ್‌ಡೇಟ್ ಆಗಬೇಕಂತೆ. ಅಪ್‌ಡೇಟಿಗೆ ಹೋದರೆ ಫೋನಿನಲ್ಲಿ ಜಾಗ ಇಲ್ಲವಂತೆ, ಏನನ್ನಾದರೂ ಅಳಿಸಬೇಕಂತೆ. ಫೋನಿನ ತುಂಬ ಟ್ಯಾಂಕು, ಹೊಗೆ, ವಿಡಿಯೋದಲ್ಲಿ ಕೂಗಾಡುವ ಮೀಸೆಯವರು.

"ಇವನ್ನೇ ಒಂದಷ್ಟು ಅಳಿಸಿರಿ."

"ಇವಾ? ಇವು ಸಾಕ್ಷಿ ಕಣೇ! ನಾಳೆ ಇತಿಹಾಸ ಕೇಳಿದರೆ?"

"ಇತಿಹಾಸ ನಿಮ್ಮ ಹಾಸಿಗೆ ಅಂಗಡಿಗೆ ಬಂದು ಕೇಳುತ್ತಾ?"

ಯಜಮಾನರು ಬೆರಳಾಡಿಸುತ್ತ ಹೋಗಿ ಒಂದು ಕಡೆ ನಿಂತರು. "ಇಗೋ, ಇಲ್ಲಿ ಬೇಕಾದಷ್ಟು ಜಾಗ ತಿಂದಿದೆ. ಮಗಳ ಮದುವೆ ಫೋಟೋ. ಇವನ್ನು ತೆಗೆದರೆ..."

ಅಕ್ಕ ಲಟ್ಟಣಿಗೆ ತೊಳೆಯುತ್ತಿದ್ದವಳು ಅದನ್ನು ಒರೆಸದೆ ಕೈಯಲ್ಲಿ ಹಿಡಿದೇ ತಿರುಗಿದಳು. ಇಪ್ಪತ್ತು ಮೀಸೆಯವರು ಆ ಕ್ಷಣವೇ ಅಳಿದುಹೋದರು.

ಆ್ಯಪು ತೆರೆಯಿತು. ಒಳಗೆ ಬಿಡಲು ಓಟಿಪಿ ಕೇಳಿತು. ಓಟಿಪಿ ಹೋಗಿ ಮಹಡಿ ಮೇಲೆ ಬಿತ್ತು.

"ಹೋಗಿ ಕೇಳ್ಕೊಂಡು ಬಾ. ನಾನು ಕೇಳಿದೆ ಅನ್ನಬೇಡ."

ಅಕ್ಕ ಮಂಡಿ ಹಿಡಿದು ಹತ್ತಿದಳು. "ಲೋ, ನಿನ್ನ ಫೋನಿಗೊಂದು ನಂಬರು ಬಂದಿದೆಯಂತೆ."

"ಭಾವನೇ ಬಂದು ಕೇಳಲಿ."

"ನಿನ್ನ ಸೊಸೆಗೆ ಕಣೋ, ಹೆರಿಗೆಗೆ."

ಮಾಸ್ತರ ಕರಗಿದ, ನಂಬರು ಹೇಳಿದ. ಅಕ್ಕ ಅದನ್ನು ಬಾಯಲ್ಲಿ ಜಪಿಸುತ್ತ ಒಂದೊಂದೇ ಮೆಟ್ಟಿಲು ಇಳಿದು ಬರುವ ಹೊತ್ತಿಗೆ ನಂಬರು ಹಳಸಿತ್ತು. ಅನ್ನವಾದರೂ ಸಂಜೆವರೆಗೆ ತಡೆಯುತ್ತದೆ. ಮತ್ತೆ ಹತ್ತಿದಳು, ಮತ್ತೆ ಹಳಸಿತು. "ನಿನ್ನ ಫೋನನ್ನೇ ಕೊಡೋ ಕೆಳಗೆ ಒಯ್ತೀನಿ" ಅಂದರೆ, "ನನ್ನ ಫೋನು ಆ ನೆಲಕ್ಕೆ ಕಾಲಿಡಲ್ಲ." "ರೀ, ನಿಮ್ಮದನ್ನಾದರೂ ಮೇಲೆ..." "ನನ್ನ ಫೋನು ಮೆಟ್ಟಿಲು ಹತ್ತಲ್ಲ." ಫೋನುಗಳಿಗೂ ಕಾಲು ಬಂದಿದ್ದವು, ಇಲ್ಲದ್ದು ಅಕ್ಕನಿಗೆ.

ಕೊನೆಗೆ ಮಾಸ್ತರನೇ ಉಪಾಯ ಹೇಳಿದ. ಭಾವನ ಜೊತೆ ಮಾತಾಡುವುದಿಲ್ಲ, ಆದರೆ ಸೀಟಿ ಊದುವುದಕ್ಕೆ ಅಡ್ಡಿಯಿಲ್ಲ. ಅಂಕಿ ಎಷ್ಟೋ ಅಷ್ಟು ಸೀಟಿ. ಕೆಳಗೆ ಯಜಮಾನರು ಬೆರಳು ಮಡಚುತ್ತ ಕೂತರು. ನಾಲ್ಕು ಸೀಟಿ. ನಾಲ್ಕು ಒತ್ತಿದರು. ಒಂಬತ್ತು. ಒಂಬತ್ತು ಒತ್ತಿದರು. ಎದುರುಮನೆಯ ನಾಯಿ ಊಳಿಟ್ಟಿತು. ಆಮೇಲೆ ನಿಶ್ಶಬ್ದ.

"ಏನಾಯ್ತು? ಉಸಿರು ನಿಂತುಹೋಯ್ತಾ ಮಹಾರಾಯನಿಗೆ?"

ಅಕ್ಕ ಮೇಲೆ ಹೋಗಿ ನೋಡಿದರೆ ಮಾಸ್ತರ ಸೀಟಿ ಕೈಯಲ್ಲಿ ಹಿಡಿದು ದಿಗ್ಭ್ರಾಂತನಾಗಿ ಕೂತಿದ್ದ. "ಅಕ್ಕಾ, ಮೂರನೇದು ಸೊನ್ನೆ. ಸೊನ್ನೆಗೆ ಏನು ಊದೋದು?"

ಆವತ್ತು ಅಕ್ಕ ಮೆಟ್ಟಿಲ ನಡುವಿನ ತಿರುವಿನಲ್ಲಿ ಕೂತು ಯೋಚನೆ ಮಾಡಿದಳು. ಮೇಲೆ ಒಬ್ಬ, ಕೆಳಗೆ ಒಬ್ಬರು. ಇಬ್ಬರೂ ಇಳಿಯುವುದಿಲ್ಲ, ಹತ್ತುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಟಿಕೆಟ್ಟು ಮಾತ್ರ ಬರಬೇಕು. ಯಜಮಾನರು ಮತ್ತೊಂದು ಸಲ ಓಟಿಪಿ ಒತ್ತುವವರೆಗೆ ಕಾದಳು. ಮೇಲೆ ಮಾಸ್ತರನ ಫೋನು ಟಣ್ ಅಂತು. ಆಗ ಸೆರಗು ಬಿಗಿದು, ಮಂಡಿ ಹಿಡಿದು, ಒಂದು ಕಾಲು ಚಾಚಿ ಕಿರುಚಿದಳು:

"ಅಯ್ಯಯ್ಯೋ! ಸತ್ತೆ! ಮಂಡಿ ಹೋಯ್ತು!"

ಮೇಲಿನಿಂದ ಮೈದುನ, ಕೆಳಗಿನಿಂದ ಭಾವ, ಇಬ್ಬರೂ ಬಿದ್ದಂಬೀಳ ಬಂದು ಅವಳ ತಲೆಯ ಮೇಲೆ ಢಿಕ್ಕಿಯಾದರು. ಬಂದದ್ದು ಹೇಗೆ? ಫೋನು ಹಿಡಿದುಕೊಂಡೇ. ಮನೆಗೆ ಬೆಂಕಿ ಬಿದ್ದರೂ ಅದೊಂದನ್ನು ಕೈಬಿಡದ ಜನ.

"ನಂಬರು ಹೇಳೋ ಮೊದಲು!" ಅಂದಳು ಅಕ್ಕ ನರಳುತ್ತ. "ಆಮೇಲೆ ಸಾಯ್ತೀನಿ."

ಮಾಸ್ತರ ಗಾಬರಿಯಲ್ಲಿ ಹೇಳಿಬಿಟ್ಟ. ಯಜಮಾನರು ಗಾಬರಿಯಲ್ಲಿ ಒತ್ತಿಬಿಟ್ಟರು. ಈ ನಂಬರಿನಲ್ಲೂ ಒಂದು ಸೊನ್ನೆಯಿತ್ತು, ಅದೂ ಸರಾಗವಾಗಿ ಗಡಿ ದಾಟಿತು. ಗೆದ್ದೆ ಅಂದುಕೊಂಡಳು ಅಕ್ಕ. ಆದರೆ ಯಂತ್ರ ಇನ್ನೊಂದು ಕೇಳಿತು: ನೀವು ಮನುಷ್ಯರು ಹೌದೋ ಅಲ್ಲವೋ, ಸಾಬೀತು ಮಾಡಿ.

(ಆ ಇಬ್ಬರನ್ನು ಕೇಳಬೇಕಾದ ಪ್ರಶ್ನೆಯೇ. ಯಂತ್ರಕ್ಕೆ ಹೇಗೆ ಗೊತ್ತಾಯಿತೋ.)

ಒಂದು ಬೀದಿಯ ಚಿತ್ರ, ಅದರ ಮೇಲೆ ಚೌಕ ಚೌಕ ಗೆರೆ. ಟ್ರಾಫಿಕ್ ದೀಪ ಇರುವ ಚೌಕಗಳನ್ನೆಲ್ಲ ಒತ್ತಬೇಕು. ಯಜಮಾನರು ಒತ್ತಿದರು, ಅದು ತಪ್ಪು ಅಂತು.

"ಭಾವ, ಈ ಚೌಕ ಬಿಟ್ರಿ. ಇಲ್ನೋಡಿ, ಕಂಬ ಒಂದು ಕೂದಲಿನಷ್ಟು ಒಳಗೆ ಬಂದಿದೆ."

"ಕಂಬ ದೀಪ ಹೇಗಾಗುತ್ತೆ?"

"ಕಂಬ ಇಲ್ದೆ ದೀಪ ಎಲ್ಲಿ ನಿಲ್ಲುತ್ತೆ?"

"ಹಾಗಾದ್ರೆ ಈ ಕೂದಲಿನಷ್ಟು ಜಾಗ ಯಾರದ್ದು?"

ದೇಶ ದೇಶಗಳ ಗಡಿ ಗೀಚಿದ ಮಹಾನುಭಾವರಿಗೆ ಒಂದು ಕಂಬದ ಗಡಿ ತಿಳಿಯಲಿಲ್ಲ. ಕಂಬ ಸೇರಿಸಿ ಒತ್ತಿದರು, ತಪ್ಪು. ಬಿಟ್ಟು ಒತ್ತಿದರು, ತಪ್ಪು. ಯಂತ್ರ ಬಸ್ಸು ಕೇಳಿತು, ಸೇತುವೆ ಕೇಳಿತು. "ಇದಕ್ಕೆ ತಲೆ ಇಲ್ಲ ಭಾವ!" "ಇದನ್ನು ಮಾಡಿದವನಿಗೆ ಇಲ್ಲ ಕಣಯ್ಯ!" ಮೆಟ್ಟಿಲ ಮೇಲೆ ಭುಜಕ್ಕೆ ಭುಜ ಕೊಟ್ಟು ಕೂತು, ಇಬ್ಬರೂ ಸೇರಿ ಯಂತ್ರಕ್ಕೆ ಬೈದ ಬೈಗುಳ ಕೇಳಿ ಅಕ್ಕನಿಗೆ ಹೊಟ್ಟೆ ತಣ್ಣಗಾಯಿತು. ಬೈಯಲು ಮೂರನೆಯವನೊಬ್ಬ ಸಿಕ್ಕರೆ ಸಾಕು, ವೈರಿಗಳು ಮತ್ತೆ ಭಾವ ಮೈದುನರಾಗುತ್ತಾರೆ. ಅಂತೂ ಕೊನೆಗೆ ಯಂತ್ರ ಸುಸ್ತಾಗಿ ಇಬ್ಬರನ್ನೂ ಮನುಷ್ಯರೆಂದು ಒಪ್ಪಿಕೊಂಡಿತು.

"ಎಷ್ಟು ಜನ ಅಂತ ಕೇಳ್ತಿದೆ," ಅಂದರು ಯಜಮಾನರು.

"ಒಂದು!" ಅಂದಳು ಅಕ್ಕ.

ಯಜಮಾನರು ಅವಳ ಚಾಚಿದ ಕಾಲು ನೋಡಿದರು. ಮೈದುನನ ಮುಖ ನೋಡಿದರು. "ಈ ಮಂಡಿಯಲ್ಲಿ ಇವಳನ್ನ ಒಬ್ಬಳೇ ಹೇಗಯ್ಯಾ ಕಳಿಸೋದು?"

"ಛೆ ಛೆ, ಆಗೋ ಮಾತಾ ಭಾವ? ಒಂದು ಕಡೆ ನೀವು ಹಿಡ್ಕೊಳ್ಳಿ, ಇನ್ನೊಂದು ಕಡೆ ನಾನು."

"ಮಂಡಿ ಸರಿಯಾಗಿದೆ ಕಣ್ರೋ!" ಅಕ್ಕ ಎದ್ದು ನಿಂತು ಒಂದು ಮೆಟ್ಟಿಲು ಕುಣಿದು ತೋರಿಸಿದಳು.

"ಪಾಪ, ನೋವು ನೆತ್ತಿಗೇರಿದೆ," ಅಂದ ತಮ್ಮ, ಕಣ್ಣಲ್ಲಿ ನೀರು ತಂದುಕೊಂಡು.

ನಾಟಕ ಅಂತ ಹೇಳಿಬಿಡಬಹುದಿತ್ತು. ಹೇಳಿದರೆ ಇಬ್ಬರೂ ಮತ್ತೆ ಮೇಲೊಬ್ಬ ಕೆಳಗೊಬ್ಬ, ಟಿಕೆಟ್ಟು ಗಾಳಿಗೆ, ಮಗಳು ಅಲ್ಲಿ ದಾರಿ ನೋಡುತ್ತ. ಅಕ್ಕ ಮೆಲ್ಲಗೆ ಮತ್ತೆ ಕೂತಳು. ಕೂರುವಾಗ ಮಂಡಿ ಚಳಕ್ಕೆಂದಿತು, ಈ ಸಲ ನಿಜವಾಗಿ. ಯಜಮಾನರು ಮೂರು ಟಿಕೆಟ್ಟು ಒತ್ತಿದರು. ರದ್ದು ಮಾಡಲು ಮತ್ತೆ ಓಟಿಪಿ ಬೇಕೆಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತಂತೆ.

ರೈಲಿನಲ್ಲಿ ಮೂರು ಸೀಟೂ ಒಂದೇ ಸಾಲಿಗೆ ಬಂದವು. ಕಿಟಕಿಗೆ ಯಜಮಾನರು, ಓಡಾಡುವ ದಾರಿಗೆ ಮಾಸ್ತರ, ನಡುವೆ ಎರಡೂ ಕಡೆಯಿಂದ ಒತ್ತಿದ ದಿಂಬಿನ ಹಾಗೆ ಅಕ್ಕ. ರೈಲು ಸ್ಟೇಷನ್ ದಾಟುವ ತನಕ ಇಬ್ಬರೂ ದೇವರಂಥವರು. "ಭಾವ, ಕಿಟಕಿ ಗಾಳಿ ಜಾಸ್ತಿಯಾಯ್ತಾ?" "ಇಲ್ಲಯ್ಯಾ, ನಿನಗೆ ಕಾಲು ಚಾಚೋಕೆ ಜಾಗ ಇದೆಯಾ?" ಮೊದಲ ಸೇತುವೆಯ ಮೇಲೆ ಯಜಮಾನರ ಫೋನು ಟಣ್ ಅಂತು. ಎರಡನೆಯದರ ಮೇಲೆ ಮಾಸ್ತರನದು. ಮೂರನೇ ಸೇತುವೆ ಬರುವಷ್ಟರಲ್ಲಿ ಅಕ್ಕನ ತೊಡೆ ಮೇಲಿದ್ದ ಊಟದ ಡಬ್ಬಿಯ ಎಡಕ್ಕೆ ನೀರಿನ ಬಾಟಲಿ ಬಂದು ಸಮುದ್ರವಾಗಿತ್ತು, ಬಲಕ್ಕೆ ಮಡಚಿದ ಕೊಡೆ ಬಂದು ನದಿಯಾಗಿತ್ತು.

ಹಸಿವಾಗಿ ಅವಳು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು.

"ಮುಟ್ಟಬೇಡ!" ಅಂದರು ಯಜಮಾನರು.

"ಮುಟ್ಟಕ್ಕಾ!" ಅಂದ ತಮ್ಮ.

ಅಷ್ಟರಲ್ಲಿ ಮಗಳ ಫೋನು. "ಅಮ್ಮಾ, ರೈಲು ಹತ್ತಿದೆಯಾ? ಯುದ್ಧಾನ ಅಲ್ಲೇ ಬಿಟ್ಟು ಬಂದೆ ತಾನೆ?"

ಅಕ್ಕ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು.

"ಇಲ್ಲ ಕಂದ," ಅಂದಳು, "ತೊಡೆ ಮೇಲೆ ಕೂರಿಸ್ಕೊಂಡು ಬರ್ತಿದ್ದೀನಿ."