ನೀರು ಬೆರೆಯದ ಮನೆ

ನಮ್ಮ ಮನೆಯಲ್ಲಿ ನೀರು ಬೆರೆಯದ ಪದಾರ್ಥವೆಂದರೆ ಎಣ್ಣೆ ಒಂದೇ. ಅದೂ ನಮ್ಮ ಪ್ರಾಮಾಣಿಕತೆಯಿಂದಲ್ಲ, ಎಣ್ಣೆಯ ಹಟದಿಂದ. ಮಿಕ್ಕಿದ್ದಕ್ಕೆಲ್ಲ ಅವ್ವನ ಕೈಚೊಂಬು ಧಾರಾಳವಾಗಿ ಓಡಾಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಮಜ್ಜಿಗೆಗೆ ಒಂದು ಚೊಂಬು ನೀರು, ಸಾರಿಗೆ ಅರ್ಧ ಚೊಂಬು. ‘ಬಂದೋರು ಬರೀ ಬಾಯಲ್ಲಿ ಹೋಗಬಾರ್ದು ಕಣಪ್ಪಾ’ ಎನ್ನುವುದು ಅವಳ ನ್ಯಾಯ. ಕಡೆಯವನ ಲೋಟಕ್ಕೆ ಬರುವಷ್ಟರಲ್ಲಿ ಮಜ್ಜಿಗೆಯ ನೆನಪು ಮಾತ್ರ ಉಳಿದಿರುತ್ತಿತ್ತು, ಆದರೆ ಲೋಟವಂತೂ ತುಂಬಿರುತ್ತಿತ್ತು. ಇಂಥ ಮನೆಗೆ, ಒತ್ತಿದರೆ ಸೋಪು ಉಗುಳುವ ಬಾಟಲಿಯನ್ನು ತಂದ ತಪ್ಪು ನನ್ನದು.

ತಂದದ್ದಕ್ಕೆ ಕಾರಣವಿತ್ತು. ಚಳ್ಳಕೆರೆ ಪೇಟೆಯಲ್ಲಿ ನನ್ನದು ಶೇಂಗಾ ಎಣ್ಣೆ ಅಂಗಡಿ. ಹೆಂಡತಿ ಗಿರಿಜೆಯದು ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮನೆ. ನಾವೂ ಮೂಲತಃ ಮಗ್ಗದವರೇ, ನಮ್ಮಜ್ಜನ ಕಾಲದಲ್ಲಿ ಎಣ್ಣೆಗೆ ಜಾರಿದವರು. ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಹೋದಾಗ ಮಗ್ಗದ ಮೇಲಿದ್ದ ಸೀರೆಯ ಅಂಚು ನೋಡೋಣವೆಂದು ಕೈ ಚಾಚಿದೆ. ಮಾವ ಎಲ್ಲಿದ್ದರೋ, ಹದ್ದಿನಂತೆ ಬಂದು ಮಣಿಕಟ್ಟು ಹಿಡಿದುಬಿಟ್ಟರು. ‘ಅಳಿಯಂದ್ರೇ, ಕೈ! ಎಣ್ಣೆ ಕೈ!’ ರೇಷ್ಮೆಗೆ ಎಣ್ಣೆ ಹತ್ತಿದರೆ ಕಲೆ ಹೋಗುವುದಿಲ್ಲವಂತೆ. ಎಣ್ಣೆಯಾದರೋ ನನ್ನ ಉಗುರಿನ ಸಂದಿಯಲ್ಲೇ ಕಾಯಂ ವಾಸ. ಅಂದಿನಿಂದ ಆ ಮನೆಯಲ್ಲಿ ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮೇಷ್ಟರ ಮುಂದಿನ ಹುಡುಗನಂತೆ ನಿಲ್ಲುತ್ತಿದ್ದೆ. ಮಾವನ ಪ್ರೀತಿಗೇನೂ ಕೊರತೆಯಿರಲಿಲ್ಲ. ಖುಷಿಯಾದಾಗ ತೆಲುಗಿನಲ್ಲಿ ‘ಅಲ್ಲುಡುಗಾರೂ’ ಎಂದು ಕರೆದು, ಮೊದಲ ಹೋಳಿಗೆ ನನ್ನ ಎಲೆಗೇ ಹಾಕಿಸುತ್ತಿದ್ದರು. ಸೀರೆ ಮಾತ್ರ ನನ್ನನ್ನು ದಾಟಿಕೊಂಡು ಗಿರಿಜೆಯ ಕೈಗೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಮಾವನ ಕಣ್ಣು ಮಂಜಾಯಿತು. ಮಗಳಿಗೊಂದು ಸೀರೆ ನೇಯ್ದು ಮಗ್ಗ ಬಿಡುತ್ತೇನೆ, ನಾನೇ ತಂದು ಕೊಡುತ್ತೇನೆ ಎಂದು ಹೇಳಿ ಕಳಿಸಿದರು. ನನಗೊಂದು ಆಸೆ ಹುಟ್ಟಿತು. ಇದೇ ಕಡೆಯ ಸೀರೆಯಾದರೆ, ಇದನ್ನಾದರೂ ಅವರ ಕೈಯಿಂದ ನನ್ನ ಕೈಗೆ ಇಸಿದುಕೊಳ್ಳಬೇಕು. ಮುಂದೆ ಇಂಥ ಸಂದರ್ಭ ಇಲ್ಲ. ದಾವಣಗೆರೆಗೆ ಹೋದಾಗ ಆ ಹಸಿರು ಬಾಟಲಿ ಕೊಂಡು ತಂದೆ. ಒಮ್ಮೆ ಒತ್ತಿದರೆ ಜೇನಿನಂತೆ ಇಳಿಯುತ್ತಿತ್ತು. ಉಜ್ಜಿದರೆ ಕೈಯಲ್ಲಿ ಎಣ್ಣೆ ಅಂಗಡಿಯ ಗುರುತೇ ಇಲ್ಲ!

ಮಾವ ಬರುವವರೆಗೆ ಬಾಟಲಿ ಬಾಳಬೇಕಲ್ಲ? ಅದಕ್ಕೆ ಬೆಳಿಗ್ಗೆ ಯಾರೂ ಏಳುವ ಮುಂಚೆ ಒಂದಿಷ್ಟು ನೀರು ಸೇರಿಸಿ, ಕುಲುಕಿ ಇಡುತ್ತಿದ್ದೆ. ಸೋಜಿಗವೆಂದರೆ ಬಾಟಲಿಯಲ್ಲಿ ಸೋಪಿನ ಮಟ್ಟ ಇಳಿಯುತ್ತಲೇ ಇರಲಿಲ್ಲ. ಅವ್ವನೂ ಅದನ್ನೇ ಹೇಳಿದಳು. ‘ನಿನ್ನ ಬಾಟ್ಲಿಗೆ ಒಳ್ಳೆ ಬರಕತ್ತು ಐತೆ ಕಣೋ, ತೀರಾದೇ ಇಲ್ಲ!’ ಗಿರಿಜೆಯೂ ‘ಹೂಂ ಅತ್ತೆ, ನಾನೂ ನೋಡ್ತಾ ಇದೀನಿ’ ಎಂದು ಬೇರೆಲ್ಲೋ ನೋಡಿದಳು.

ಮಾವ ಬಸ್ಸಿಳಿದು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎದೆಗವಚಿಕೊಂಡ ಗಂಟು. ಅಂಗಡಿಯಿಂದ ಓಡಿಬಂದ ನಾನು, ‘ಕೂತ್ಕೊಳ್ಳಿ ಮಾವ, ಕೈ ತೊಳ್ಕಂಡು ಬಂದೆ’ ಎಂದು, ಅವರಿಗೆ ಕಾಣಲೆಂದೇ ಬಾಟಲಿಯನ್ನು ಪಡಸಾಲೆ ಬಾಗಿಲಿಗೆ ತಂದು, ಠೀವಿಯಿಂದ ಒತ್ತಿದೆ. ಜೇನು ಇಳಿಯಲಿಲ್ಲ. ಚುಯ್ಯೆಂದು ಒಂದು ಧಾರೆ ನನ್ನ ಅಂಗೈ ದಾಟಿ, ಹೊಸ್ತಿಲು ದಾಟಿ, ಮಾವನ ಅಂಗಿಗೆ ಬಡಿಯಿತು. ಮಾವ ಗಂಟನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡರು.

‘ಏನ್ ಅಲ್ಲುಡುಗಾರೂ, ಇದು ಸೋಪೋ ಪಿಚಕಾರಿಯೋ?’

ನಾನು ಅವ್ವನ ಮುಖ ನೋಡಿದೆ. ‘ನನ್ನೇನ್ ನೋಡ್ತೀಯ? ಮಜ್ಜಿಗಿಗೆ ಹಾಕ್ದಂಗೆ ಒಂದೀಟು ಹಾಕ್ತಿದ್ದೆಪ್ಪ’ ಎಂದಳು. ‘ಅಯ್ಯೋ ಅತ್ತೆ, ನೀವೂನಾ?’ ಎಂದ ಗಿರಿಜೆ ಬಾಯಿಗೆ ಸೆರಗು ಹಿಡಿದಳು. ಆಮೇಲೆ ಇಬ್ಬರೂ ಸೇರಿ ನನ್ನನ್ನು ನೋಡಿದರು. ನಾನು ಬಾಟಲಿಯನ್ನು ನೋಡಿದೆ. ಮೂರು ಜನ ಮೂರು ಹೊತ್ತು ಹುಯ್ದ ನೀರು ಅದರಲ್ಲಿ ತಿಳಿಯಾಗಿ ನಗುತ್ತಿತ್ತು.

ನನಗೆ ಮಾತ್ರ ನಗು ಬರಲಿಲ್ಲ. ಕೈ ಇನ್ನೂ ಜಿಡ್ಡು ಜಿಡ್ಡೇ. ಸುಮ್ಮನೆ ಬೆನ್ನ ಹಿಂದೆ ಕಟ್ಟಿಕೊಂಡು, ‘ಗಿರಿಜಾ, ನೀನೇ ಇಸ್ಕೋ’ ಎಂದೆ.

ಮಾವನ ಕಣ್ಣು ಮಂಜಾಗಿತ್ತೇ ಹೊರತು ಅಷ್ಟೂ ಕಾಣದಷ್ಟಲ್ಲ. ಗಂಟನ್ನು ಮಗಳ ಮಡಿಲಲ್ಲಿಟ್ಟು, ‘ಬಿಚ್ಚಬ್ಯಾಡ, ಹಂಗೇ ಹಿಡ್ಕ’ ಎಂದು ಎದ್ದರು. ಅವ್ವ ಅಷ್ಟರಲ್ಲಿ ಒಳಗಿಂದ ಕಡ್ಲೆಹಿಟ್ಟಿನ ಬಟ್ಟಲು ತಂದಿದ್ದಳು. ಅದೊಂದಕ್ಕೆ ಇನ್ನೂ ನೀರು ಸೇರಿರಲಿಲ್ಲ. ಮಾವ ಅಂಗಿಯ ತೋಳು ಮಡಚಿ, ‘ಕೊಡ್ರಿ ಇಲ್ಲಿ’ ಎಂದು ನನ್ನ ಕೈಗಳನ್ನು ತಾವೇ ಎಳೆದುಕೊಂಡರು.

‘ಬ್ಯಾಡ ಮಾವ, ನೀವು ದೊಡ್ಡೋರು...’

‘ಸುಮ್ನಿರ್ರಿ. ಮದ್ವೆ ದಿನ ಕಾಲು ತೊಳ್ದಿದ್ದೆ. ಕೈ ಉಳ್ಕಂಡಿತ್ತು.’

ಕಣ್ಣಿಗೆ ಕಾಣದ ಜಿಡ್ಡನ್ನು ಬೆರಳಲ್ಲೇ ಹುಡುಕುತ್ತಾ, ಕಡಿದ ಎಳೆಗೆ ಗಂಟು ಹಾಕುವ ತಾಳ್ಮೆಯಲ್ಲಿ, ಒಂದೊಂದೇ ಬೆರಳನ್ನು ಉಜ್ಜಿದರು. ಅವ್ವ ಚೊಂಬಿನಿಂದ ನೀರು ಹುಯ್ದಳು. ಮಾವ ತಮ್ಮ ಹೆಗಲ ಟವೆಲಿನಲ್ಲೇ ಒರೆಸಿ, ಗಂಟು ಬಿಚ್ಚಿ, ಸೀರೆಯನ್ನು ನನ್ನ ಅಂಗೈಗಳ ಮೇಲೆ ಇಟ್ಟರು. ತಣ್ಣಗಿತ್ತು. ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಮಾವ ತಕ್ಷಣ ಬಿಡಲಿಲ್ಲ. ನನ್ನ ಕೈಗಳ ಕೆಳಗೆ ಅವರ ಕೈಗಳೂ ಒಂದು ಗಳಿಗೆ ಹಾಗೇ ಇದ್ದವು.

ಆ ಸೀರೆಯನ್ನು ಗಿರಿಜೆ ಹಬ್ಬಕ್ಕೆ ಉಡುತ್ತಾಳೆ. ನೆರಿಗೆ ಹಿಡಿಯಲು ನಾನು ಬಗ್ಗಿದರೆ, ‘ರೀ, ಕೈ ತೊಳ್ದ್ರಾ?’ ಎನ್ನುತ್ತಾಳೆ. ‘ನಿಮ್ಮಪ್ಪನೇ ತೊಳ್ದಿದಾರೆ ಕಣೇ’ ಎಂದರೆ, ‘ಅದು ಅವತ್ತು’ ಎನ್ನುತ್ತಾಳೆ. ನಾನು ಬಚ್ಚಲಿಗೆ ಹೋಗಿ ಬಾಟಲಿ ಒತ್ತುತ್ತೇನೆ, ಸ್ವಲ್ಪ ಪಕ್ಕಕ್ಕೆ ನಿಂತುಕೊಂಡೇ. ಮಿಕ್ಕವರು ಇವತ್ತು ನೀರು ಹಾಕಿದ್ದಾರೋ ಇಲ್ಲವೋ ಗೊತ್ತಿಲ್ಲ; ನಾನಂತೂ ಹಾಕಿದ್ದೇನೆ.