ದಾವೀದಪ್ಪನ ಗಂಟಲು

ನಾನು ಪಾಪಿ ಎಂಬುದನ್ನು ಪ್ರತಿ ಭಾನುವಾರ ಸಭೆಯವರೆಲ್ಲರ ಜತೆ ಒಕ್ಕೊರಲಿನಿಂದ ಒಪ್ಪಿಕೊಳ್ಳುತ್ತಾ ಬಂದಿದ್ದೇನೆ. ಒಕ್ಕೊರಲಿನಲ್ಲಿ ಹೇಳುವಾಗ ಅದು ಹೆಚ್ಚಾಗಿ ಪಕ್ಕದವರ ವಿಷಯ ಎಂದೇ ಅನ್ನಿಸುತ್ತದೆ.

ಹಾಗಾಗಿ ಚಿನ್ನದ ಗಣಿಯ ಊರಾದ ಕೋರಮಂಡಲ್‌ನ ನಮ್ಮ ಪುಟ್ಟ ಚರ್ಚಿನಲ್ಲಿ ಅಯ್ಯನವರು ಸಣ್ಣ ಪಾಪಗಳ ಮೇಲೆ ಪ್ರಸಂಗ ಮಾಡಿದಾಗ ನೆಮ್ಮದಿಯಾಗಿ ಕೇಳಿದೆ. "ಮನೆಗೆ ಎಮ್ಮೆ ನುಗ್ಗಿದರೆ ಬೀದಿಯವರನ್ನೆಲ್ಲ ಕೂಗಿ ಓಡಿಸುತ್ತೀರಿ. ತಿಗಣೆಯ ಜತೆ ಮಾತ್ರ ದಿನಾ ಮಲಗುತ್ತೀರಿ" ಎಂದರು. ಮುಂದಿನ ಭಾನುವಾರ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ. ಅಷ್ಟರೊಳಗೆ ಯಾರಿಗೆ ತಪ್ಪು ಮಾಡಿದ್ದೀರೋ ಅವರ ಮನೆಗೇ ಹೋಗಿ, ಒಪ್ಪಿಕೊಂಡು, ರಾಜಿಯಾಗಿ ಬನ್ನಿ ಎಂದು ಅಪ್ಪಣೆಯಾಯಿತು. ನಾನು ಸುತ್ತ ನೋಡಿದೆ. ಪಾಪ, ಎಷ್ಟೊಂದು ಜನಕ್ಕೆ ಕೆಲಸ ಬಿತ್ತು!

ಕ್ಷಮೆ ಕೇಳುವುದು ನನಗೆ ಕಷ್ಟವಲ್ಲ. ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೈಕಿನ ಮುಂದೆ ಕೂತು, ರೈಲು ಬರುವ ಹೋಗುವ ಸುದ್ದಿ ಹೇಳಿ ನಿವೃತ್ತನಾದವನು. ಪ್ರಯಾಣಿಕರಿಗಾದ ಅಡಚಣೆಗಾಗಿ ಇಪ್ಪತ್ತೆಂಟು ವರ್ಷ ವಿಷಾದಿಸಿದ್ದೇನೆ. ಒಮ್ಮೆಯೂ ವಿಷಾದವಾಗಿರಲಿಲ್ಲ.

ಹುಡುಕಿದಾಗ ನನ್ನಲ್ಲೂ ಒಂದು ಸಣ್ಣ ಪಾಪ ಸಿಕ್ಕಿತು. ಪಕ್ಕದ ಮನೆಯ ದಾವೀದಪ್ಪನಿಗೆ ಸಂಬಂಧಪಟ್ಟದ್ದು. ಗಣಿಯೊಳಗೆ ದುಡಿದವನು. ನಮ್ಮೆರಡು ಮನೆಗೂ ಗೋಡೆ ಒಂದೇ, ಚರ್ಚಿನಲ್ಲಿ ಬೆಂಚೂ ಒಂದೇ. ಹಾಡುವಾಗ ಸಭೆಗಿಂತ ಅರ್ಧ ಸಾಲು ಹಿಂದೆ, ಒಂದು ಗೇಣು ಮೇಲೆ ಇರುತ್ತಾನೆ. ಮೂರು ವರ್ಷದ ಹಿಂದೆ ಕ್ರಿಸ್ಮಸ್ಸಿಗೆ ಅವನೊಬ್ಬನೇ ನಿಂತು ಹಾಡುವುದೆಂದು ನಿಶ್ಚಯವಾಗಿತ್ತು. ನಾನು ಅಯ್ಯನವರ ಕಿವಿಯಲ್ಲಿ, "ಅವನ ಗಂಟಲು ಯಾಕೋ ಸರಿಯಿಲ್ಲ" ಎಂದೆ. ಅಷ್ಟೇ. ಆಮೇಲೆ ಆ ಹಾಡು ಯಾರ ಪಾಲಿಗೆ ಹೋಯಿತು ಎಂಬುದು ಇಲ್ಲಿ ಅಪ್ರಸ್ತುತ. ನನ್ನ ಪಾಲಿಗೆ ಬಂತು.

ಹೆಂಡತಿ ಎಸ್ತೇರಳಿಗೆ ತಿಳಿಸಿದೆ. ಅವರೆಕಾಳು ಹಿತುಕುತ್ತಿದ್ದವಳು ತಲೆಯೆತ್ತಲಿಲ್ಲ. "ಓಗಿ ಒಂದೇ ಮಾತಲ್ಲಿ ಮುಗ್ಸಿ ಬನ್ನಿ. ಮೈಕ್ ಮುಂದೆ ಕೂತಂಗೆ ಎಳೀಬೇಡಿ" ಎಂದಳು.

ದಾವೀದಪ್ಪ ಮೆಟ್ಟಿಲ ಮೇಲೆ ಲೋಟ ಹಿಡಿದು ಕೂತಿದ್ದ. ಹಿಂದೊಮ್ಮೆ ಅವನ ಆರೋಗ್ಯದ ಕುರಿತು ನಾನು ನೀಡಿದ ಮಾಹಿತಿಯಲ್ಲಿ ಅಲ್ಪ ವ್ಯತ್ಯಾಸವಾಗಿದ್ದು, ಅದಕ್ಕಾಗಿ ವಿಷಾದಿಸುವುದಾಗಿ ತಿಳಿಸಿದೆ.

"ಅದೇನ್ಲಾ ಸಾಮ್ವೇಲಾ, ನಂಗೆ ಅರ್ಥ ಆಗಂಗೆ ಮಾತಾಡು."

ಅರ್ಥವಾಗುವ ಹಾಗೆ ಹೇಳಿದೆ. ಅವನು ಲೋಟ ಕೆಳಗಿಟ್ಟ.

"ಅಂಗಾದ್ರೆ ನನ್ ಗಂಟ್ಲು ಚೆನ್ನಾಗೇ ಇತ್ತಾ?"

"ಗಂಟಲು ಚೆನ್ನಾಗಿತ್ತು. ಹಾಡು ಬೇರೆ ವಿಷಯ."

ಎರಡನೆಯ ವಾಕ್ಯ ಬೇಕಿರಲಿಲ್ಲ ಎಂಬುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು.

"ಮೂರು ವರ್ಷದಿಂದ ದಿನಾ ಮೆಣಸಿನ ಕಸಾಯ ಕುಡೀತಾ ಇವ್ನಿ ಕಣ್ಲಾ. ಮೊಸರು ಬಿಟ್ಟೆ. ಗಂಟ್ಲು ಜೋಪಾನ ಅಂತ ಅಯ್ಯನೋರು ಅಂದಾಗ್ಲಿಂದ, ಒಳ್ಗೆ ಏನೋ ಬೆಳ್ದೈತೆ ಅಂತ ಎದ್ರಿಕೊಂಡು ಬದುಕಿವ್ನಿ. ಪ್ರಾರ್ಥನಾ ಕೂಟದಲ್ಲಿ ನನ್ ತಲೆ ಮೇಲೆ ಕೈ ಇಕ್ಕಿ ಪ್ರಾರ್ಥನೆ ಮಾಡ್ದೋನು ನೀನೇ ಅಲ್ವಾ?"

ನಾನೇ. ಕಣ್ಣೀರು ಕೂಡ ಬಂದಿತ್ತು.

ದಾವೀದಪ್ಪ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ವಾರವೆಲ್ಲ ಗೋಡೆಯಾಚೆ ಅವನ ದಿನನಿತ್ಯದ ಹಾಡಿಲ್ಲ. ಮೂವತ್ತು ವರ್ಷ ಯಾವುದು ನಿಂತರೆ ಸಾಕು ಎಂದುಕೊಂಡಿದ್ದೆನೋ ಅದು ನಿಂತಿತ್ತು. ನನಗೆ ಊಟ ಸೇರಲಿಲ್ಲ. "ಸಣ್ಣದು ಅಂದಿದ್ರಿ" ಎಂದಳು ಎಸ್ತೇರ್, ಸಾರು ಬಡಿಸುತ್ತಾ. ಅವನು ಪಕ್ಕದಲ್ಲಿಲ್ಲದೆ ಕರ್ತನ ಮೇಜಿನ ಮುಂದೆ ಮೊಣಕಾಲೂರುವ ಮುಖ ನನಗಿರಲಿಲ್ಲ.

ಭಾನುವಾರ ದಾವೀದಪ್ಪ ಬಂದ. ನಮ್ಮ ಬೆಂಚಿಗಲ್ಲ, ಮುಂದಿನ ಸಾಲಿಗೆ. ಅಯ್ಯನವರು ಸಂತೋಷದ ವಾರ್ತೆ ಸಾರಿದರು. ದಾವೀದಪ್ಪನಿಗೆ ಈಗ ಗಂಟಲಿನ ತೊಂದರೆಯಿಲ್ಲವಂತೆ, ಇಂದು ಅವನೇ ಹಾಡುತ್ತಾನಂತೆ. ಸಭೆಯೆಲ್ಲ "ಸ್ತೋತ್ರ" ಎಂದಿತು. "ಈ ಗಂಟಲಿಗಾಗಿ ಕಣ್ಣೀರಿಟ್ಟ ನಮ್ಮ ಸಾಮ್ವೇಲರು ಮುಂದೆ ಬಂದು ಸಾಕ್ಷಿ ಹೇಳಬೇಕು" ಎಂದರು.

ದಾವೀದಪ್ಪ ತಿರುಗಿ ನನ್ನನ್ನು ನೋಡಿದ. ಅವನು ಅಯ್ಯನವರಿಗೆ ನನ್ನ ವಿಷಯ ಹೇಳಿಯೇ ಇರಲಿಲ್ಲ. ಅದು ಬೈಗುಳಕ್ಕಿಂತ ಜೋರಾಗಿ ತಾಗಿತು.

ಮೈಕು ಕೈಗೆ ಬಂತು. ಇಷ್ಟು ವರ್ಷ ಬೇರೆಯವರ ತಡಕ್ಕೆಲ್ಲ ವಿಷಾದಿಸಿದ ಬಾಯಿ ನನ್ನದೇ ತಪ್ಪಿಗೆ ತೆರೆಯಲೊಲ್ಲದು. ಕಡೆಗೆ, "ಗಂಟಲು ವಾಸಿಯಾಗಿಲ್ಲ" ಎಂದೆ. ಸಭೆ ಬೆಚ್ಚಿತು. "ಅದು ಕೆಟ್ಟೇ ಇರಲಿಲ್ಲ. ಆ ಹಾಡು ನನಗೆ ಬೇಕಿತ್ತು, ಸುಳ್ಳು ಹೇಳಿದೆ. ದಾವೀದಪ್ಪ, ತಪ್ಪಾಯ್ತು ಕಣಪ್ಪ." ಕೊನೆಯ ಮಾತಿಗೆ ದನಿ ನಡುಗಿತು.

ಯಾರೂ ಸ್ತೋತ್ರ ಎನ್ನಲಿಲ್ಲ.

ದಾವೀದಪ್ಪ ಎದ್ದು ಬಂದು ಮೈಕು ತೆಗೆದುಕೊಂಡು ಹಾಡಿದ. ಆರು ಚರಣ. ಜತೆಗೆ ಹಾಡುವವರು ಯಾರೂ ಇಲ್ಲದಿದ್ದರೂ ಅರ್ಧ ಸಾಲು ಹಿಂದೆಯೇ ಇದ್ದ. ಅದು ಹೇಗೆ ಸಾಧ್ಯವೋ ಇಂದಿಗೂ ತಿಳಿದಿಲ್ಲ. ಮುಗಿಸಿದವನು ನೇರ ನಮ್ಮ ಬೆಂಚಿಗೆ ಬಂದು, "ಜರುಗ್ಲಾ" ಎಂದ. ಜರುಗಿದೆ. ಕರ್ತನ ಮೇಜಿಗೆ ಒಟ್ಟಿಗೇ ಹೋದೆವು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಪರಿಶುದ್ಧನಾಗಿಯೇ ಉಳಿಯುತ್ತಿದ್ದೆ. ಹೊರಗೆ ಬಂದಾಗ ದಾವೀದಪ್ಪ ನನ್ನ ಭುಜ ಹಿಡಿದ. "ಮೈಕಲ್ಲಿ ನಿನ್ ದನಿ ನಡುಗ್ತಿತ್ತು ಕಣ್ಲಾ. ಗಂಟ್ಲು ಸರಿಯಿಲ್ಲ ನಿಂಗೆ."

ಮಾರನೆಯ ಬೆಳಿಗ್ಗೆ ಒಂದು ಲೋಟ ಕಷಾಯದೊಂದಿಗೆ ಬಾಗಿಲಲ್ಲಿ ನಿಂತಿದ್ದ. ನಾನು ಕುಡಿದು ಮುಗಿಸುವವರೆಗೆ ಕದಲಲಿಲ್ಲ. ಮೂರು ವರ್ಷ ಆ ಬಡಪಾಯಿ ಏನನ್ನು ಅನುಭವಿಸಿದ್ದಾನೆ ಎಂಬುದು ಮೊದಲ ಗುಟುಕಿಗೇ ಅರಿವಾಯಿತು.

"ಎಂಗೈತೆ?" ಎಂದ.

ಕಣ್ಣಲ್ಲಿ ನೀರು, ಕಿವಿಯಲ್ಲಿ ಹೊಗೆ.

"ಚೆನ್ನಾಗಿದೆ" ಎಂದೆ.

ತಿಗಣೆ ಮತ್ತೆ ಮಂಚ ಹತ್ತಿತು.

"ಅಂಗಾದ್ರೆ ನಾಳೆಯಿಂದ ದೊಡ್ಡ ಲೋಟದಲ್ಲಿ ತತ್ತೀನಿ" ಎಂದು ಹೊರಟ.

ಇದಾಗಿ ಐದು ತಿಂಗಳಾಯಿತು. ಮೊನ್ನೆಯಿಂದ ನನಗೂ ಮೊಸರು ಬಂದ್.